ಕ್ಯಾರಿಸ್ಮ್ಯಾಟಿಕ್ ಪ್ರಾರ್ಥನೆಯನ್ನು ಧರ್ಮಸಭೆಯ ಬೋಧನೆಯ ಒರೆಗೆ ಹಚ್ಚುವುದು ಹೇಗೆ?

ಪವಿತ್ರಾತ್ಮರು ಕೊಡುವ ವಿಶೇಷ ವರದಾನಗಳಿಗೆ ಒತ್ತುಕೊಡುವ ಕ್ಯಾರಿಸ್ಮ್ಯಾಟಿಕ್ ಪ್ರಾರ್ಥನೆ ಕಥೋಲಿಕ ಸಂಪ್ರದಾಯಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು, ಏಕೆಂದರೆ ಆ ಹೆಸರಿನಡಿ ನಡೆಯುವ ಹತ್ತಾರು ಆಚರಣೆಗಳ ತೂಕ ಒಂದೇ ಅಲ್ಲ. ಚಪ್ಪಾಳೆ ತಟ್ಟಿ ಸ್ತುತಿಗೀತೆ ಹಾಡುವುದೂ, ಗುರುದೀಕ್ಷೆ ಪಡೆಯದ ಶ್ರೀಸಾಮಾನ್ಯನೊಬ್ಬ ರೋಗಿಯ ತಲೆಯ ಮೇಲೆ ಕೈಯಿಟ್ಟು "ನಿನ್ನ ಹೆಸರೇನು ಹೇಳು" ಎಂದು ದೆವ್ವವನ್ನು ಗದರಿಸುವುದೂ ಒಂದೇ ಸಭಾಂಗಣದಲ್ಲಿ, ಒಂದೇ ಮಧ್ಯಾಹ್ನ ನಡೆಯಬಹುದು. ಮೊದಲನೆಯದಕ್ಕೆ ಯಾರ ಆಕ್ಷೇಪವೂ ಇಲ್ಲ, ಎರಡನೆಯದನ್ನು ಧರ್ಮಸಭೆ ಸ್ಪಷ್ಟವಾಗಿ ನಿಷೇಧಿಸಿದೆ. ಆದ್ದರಿಂದ ಪ್ರತಿಯೊಂದು ಆಚರಣೆಯನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಬೇಕು.

ಆಂದೋಲನದ ಬಗ್ಗೆಯೇ ಸಂಶಯವಿದ್ದವರು ಮೊದಲು ಅದರ ಇತಿಹಾಸ ತಿಳಿಯುವುದು ಒಳ್ಳೆಯದು. 1967ರ ಫೆಬ್ರವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಡುಕೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಧ್ಯಾನಕೂಟವೊಂದರಲ್ಲಿ ಇದು ಆರಂಭವಾಯಿತು. ಅಲ್ಲಿನ ಕೆಲವು ಅಧ್ಯಾಪಕರು ಅದಕ್ಕೂ ಮೊದಲು ಪ್ರೊಟೆಸ್ಟೆಂಟರ ಪ್ರಾರ್ಥನಾಕೂಟಕ್ಕೆ ಹೋಗಿ ಬಂದಿದ್ದರು. ಈ ಹಿನ್ನೆಲೆಯನ್ನು ಮುಚ್ಚಿಡುವ ಅಗತ್ಯವಿಲ್ಲ, ಹಾಗೆಯೇ ಅದೊಂದನ್ನೇ ಮುಂದಿಟ್ಟುಕೊಂಡು ಎಲ್ಲವನ್ನೂ ತಳ್ಳಿಹಾಕುವುದೂ ನ್ಯಾಯವಲ್ಲ. 1975ರಲ್ಲಿ ಜಗದ್ಗುರು (ಪೋಪ್) ಆರನೆಯ ಪೌಲರು ರೋಮಿನಲ್ಲಿ ಈ ಆಂದೋಲನದವರನ್ನು ಬರಮಾಡಿಕೊಂಡರು. 1998ರಲ್ಲಿ ಎರಡನೆಯ ಜಾನ್ ಪೌಲರು ಧರ್ಮಸಭೆಗೆ ಅಧಿಕಾರ ವ್ಯವಸ್ಥೆಯೂ ವರದಾನಗಳೂ ಸಮಾನವಾಗಿ ಅತ್ಯಗತ್ಯ ಎಂದರು. 2019ರಲ್ಲಿ ಜಗದ್ಗುರು ಫ್ರಾನ್ಸಿಸರ ಇಚ್ಛೆಯಂತೆ ಕ್ಯಾರಿಸ್ ಎಂಬ ಜಾಗತಿಕ ಸೇವಾಸಂಸ್ಥೆ ಕೆಲಸ ಆರಂಭಿಸಿತು. ಹೀಗಿರುವಾಗ ಆಂದೋಲನವನ್ನೇ ಪಾಷಂಡವೆನ್ನುವವರು ತಾವು ಕಾಯಲು ಹೊರಟ ಅಧಿಕಾರವನ್ನೇ ಅಲ್ಲಗಳೆದಂತಾಗುತ್ತದೆ. ಆದರೆ ರೋಮಿನ ಮನ್ನಣೆ ನಿಮ್ಮೂರಿನ ಕೂಟದಲ್ಲಿ ನಡೆಯುವ ಪ್ರತಿಯೊಂದಕ್ಕೂ ಹಾಕಿದ ಮುದ್ರೆಯಲ್ಲ.

ಪರೀಕ್ಷೆಗೆ ಬೇಕಾದ ಅಳತೆಗೋಲು ಹಳೆಯದೇ. ಸಂತ ಪೌಲ ಥೆಸಲೋನಿಯರಿಗೆ ಬರೆಯುತ್ತಾ ಪವಿತ್ರಾತ್ಮರನ್ನು ನಂದಿಸಬೇಡಿ ಎಂದವನೇ, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದೂ ಹೇಳಿದ. ಧರ್ಮಾಧ್ಯಕ್ಷರು (ಬಿಷಪರು) ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ವರದಾನಗಳನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕೆಂದು ಬೋಧಿಸಿತು; ಅಸಾಧಾರಣ ವರಗಳನ್ನು ಆತುರದಿಂದ ಬಯಸಬಾರದು, ಅವುಗಳ ನೈಜತೆಯನ್ನು ನಿರ್ಣಯಿಸುವ ಹೊಣೆ ಧರ್ಮಸಭೆಯ ಮೇಲ್ವಿಚಾರಕರದು ಎಂದೂ ಸೇರಿಸಿತು. ಸಂತ ಥಾಮಸ್ ಅಕ್ವಿನಾಸರು ಇನ್ನೂ ಹಿಂದೆಯೇ ಒಂದು ಭೇದ ತೋರಿಸಿದ್ದರು: ಮನುಷ್ಯನನ್ನು ದೇವರಿಗೆ ಮೆಚ್ಚುಗೆಯಾಗಿಸುವ ವರಪ್ರಸಾದ ಬೇರೆ, ಇತರರ ಹಿತಕ್ಕಾಗಿ ಕೊಡಲಾಗುವ ವರದಾನ ಬೇರೆ. ಎರಡನೆಯದು ಇದ್ದಮಾತ್ರಕ್ಕೆ ಮೊದಲನೆಯದು ಇದೆ ಎಂದಾಗುವುದಿಲ್ಲ. ಭಾಷಾವರದಲ್ಲಿ, ಅಂದರೆ ಪವಿತ್ರಾತ್ಮರ ಪ್ರೇರಣೆಯಿಂದ ತಾವು ಕಲಿಯದ ಭಾಷೆಯಲ್ಲಿ, ಮಾತಾಡುವವರೇ ಹೆಚ್ಚು ಭಕ್ತರು ಎಂದು ಯಾರಾದರೂ ಬೋಧಿಸಿದರೆ, ಅಲ್ಲಿಗೇ ನೀವು ಎಚ್ಚರಗೊಳ್ಳಬೇಕು.

ಹಾಗಾದರೆ ಕೂಟಕ್ಕೆ ಹೋಗುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಸರಳವಾದದ್ದು: ಇದು ಯಾರ ಅನುಮತಿಯಿಂದ ನಡೆಯುತ್ತಿದೆ? ಧರ್ಮಕೇಂದ್ರದ ಗುರುಗಳಿಗೂ ಧರ್ಮಪ್ರಾಂತ್ಯದ ಕಚೇರಿಗೂ ತಿಳಿದಿದ್ದರೆ, ತಪ್ಪಾದಾಗ ತಿದ್ದುವವರಿದ್ದಾರೆ. ಕರಾವಳಿ ಮತ್ತು ಮಲೆನಾಡಿನ ಕುಟುಂಬಗಳು ಕೇರಳದ ಮುರಿಂಗೂರಿಗೋ ದಕ್ಷಿಣ ಕನ್ನಡದ ಮೂಲ್ಕಿಗೋ ಹೋಗಿ ಬರುವಂಥ ಧ್ಯಾನಕೇಂದ್ರಗಳನ್ನು ಗುರುಗಳ ಸಭೆಗಳೇ ನಡೆಸುತ್ತವೆ. ಬಾಡಿಗೆ ಹಾಲ್‌ನಲ್ಲಿ, ಯಾರ ಮೇಲ್ವಿಚಾರಣೆಯೂ ಇಲ್ಲದೆ ನಡೆಯುವ ಕೂಟದ ವಿಷಯ ಬೇರೆ.

ಎರಡನೆಯದಾಗಿ, ಧರ್ಮಸಭೆಯ ಏಳು ಸಂಸ್ಕಾರಗಳ ಜಾಗವನ್ನು ಬೇರೇನಾದರೂ ಆಕ್ರಮಿಸುತ್ತಿದೆಯೇ ಎಂದು ನೋಡಿ. "ಪವಿತ್ರಾತ್ಮರ ಅಭಿಷೇಕ" ಎಂದು ಕರೆಯುವ ಅನುಭವವನ್ನು ಜ್ಞಾನಸ್ನಾನ ಮತ್ತು ದೃಢೀಕರಣದಲ್ಲಿ ಈಗಾಗಲೇ ಪಡೆದ ಕೃಪೆಯ ಹೊಸ ಜಾಗೃತಿ ಎಂದು ವಿವರಿಸಿದರೆ ಬೋಧನೆಗೆ ವಿರೋಧವಿಲ್ಲ. ಅದು ಇಲ್ಲದವನ ಕ್ರೈಸ್ತತ್ವವೇ ಅರೆಬರೆ ಎಂದರೆ ಅದು ತಪ್ಪು ಬೋಧನೆ, ಏಕೆಂದರೆ ಆಗ ಅದು ಎಂಟನೆಯ ಸಂಸ್ಕಾರವಾಗಿಬಿಡುತ್ತದೆ. ಎಣ್ಣೆಯ ವಿಷಯದಲ್ಲಿಯೂ ಇದೇ ಗೊಂದಲ. ಆಶೀರ್ವದಿಸಿದ ತೆಂಗಿನೆಣ್ಣೆಯ ಬಾಟಲಿಯನ್ನು ಮನೆಗೆ ತಂದು ಭಕ್ತಿಯಿಂದ ಇಟ್ಟುಕೊಳ್ಳುವುದು ಬೇರೆ. ಶ್ರೀಸಾಮಾನ್ಯ ಮುಂದಾಳು ಸಾಲಾಗಿ ನಿಂತವರ ಹಣೆಗೆ ಎಣ್ಣೆ ಹಚ್ಚಿ ಅಭ್ಯಂಗ ಮಾಡುವುದು ಬೇರೆ. ದೀಕ್ಷೆ ಪಡೆಯದವರು ರೋಗಿಗಳ ಅಭ್ಯಂಗವೆಂಬ ಸಂಸ್ಕಾರದ ತೈಲದಿಂದಾಗಲಿ ಬೇರಾವುದೇ ಎಣ್ಣೆಯಿಂದಾಗಲಿ ಅಭ್ಯಂಗ ಮಾಡಕೂಡದೆಂದು 1997ರ ವ್ಯಾಟಿಕನ್ ಸೂಚನೆ ಹೇಳುತ್ತದೆ.

ಭಾಷಾವರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಿ: ಹೆಚ್ಚೆಂದರೆ ಇಬ್ಬರು ಮೂವರು, ಒಬ್ಬರಾದ ಮೇಲೊಬ್ಬರು ಮಾತಾಡಲಿ, ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಮೌನವಾಗಿರಲಿ. "ನಾಲಗೆ ಸಡಿಲ ಬಿಡಿ, ನಾನು ಹೇಳಿದ್ದನ್ನೇ ಹೇಳಿ" ಎಂದು ಭಾಷೆಯನ್ನು ಕಲಿಸಲು ಹೊರಡುವವರನ್ನು ನಾನಂತೂ ನಂಬುವುದಿಲ್ಲ. ಕಲಿಸಿ ಬರಿಸುವುದಾದರೆ ಅದನ್ನು ವರವೆನ್ನುವುದೇಕೆ?

ಸೌಖ್ಯ ಪ್ರಾರ್ಥನೆಯ ವಿಷಯದಲ್ಲಿ ನಿಯಮಗಳು ಖಚಿತವಾಗಿವೆ. ಗುಣಮುಖರಾಗಲು ಪ್ರಾರ್ಥಿಸುವ ಸ್ವಾತಂತ್ರ್ಯ ಪ್ರತಿಯೊಬ್ಬ ವಿಶ್ವಾಸಿಗೂ ಇದೆ ಎಂದು 2000ನೆಯ ಇಸವಿಯ ವ್ಯಾಟಿಕನ್ ಸೂಚನೆ ಮೊದಲೇ ಒಪ್ಪಿಕೊಳ್ಳುತ್ತದೆ. ಆದರೆ ಅಂಥ ಪ್ರಾರ್ಥನೆಯನ್ನು ಬಲಿಪೂಜೆಯ (ಮಾಸ್) ನಡುವೆ ತುರುಕಬಾರದು. ಪೂಜೆಯ ಭಾಗವೇ ಆದ ವಿಶ್ವಾಸಿಗಳ ಕೋರಿಕೆಯಲ್ಲಿ ರೋಗಿಗಳನ್ನು ನೆನೆಯಬಹುದು. ಉನ್ಮಾದ, ಕೃತಕತೆ, ನಾಟಕೀಯತೆಗಳಿಗೆ ಎಡೆಗೊಡಬಾರದು. ಯಾರಾದರೂ ಗುಣಮುಖರಾದರೆ ಸಾಕ್ಷ್ಯಗಳನ್ನು ಕೂಡಿಹಾಕಿ ಧರ್ಮಸಭೆಯ ಅಧಿಕಾರಿಗಳಿಗೆ ಒಪ್ಪಿಸಬೇಕು. ಈಗ ಇದನ್ನು ಕೂಟವೊಂದರ ದೃಶ್ಯದೊಂದಿಗೆ ಹೋಲಿಸಿ. ವೇದಿಕೆಯಿಂದ ಒಬ್ಬರು ಕಣ್ಣುಮುಚ್ಚಿ, "ಇಲ್ಲಿ ಮಂಡಿನೋವಿನಿಂದ ನರಳುವ ತಾಯಿಯೊಬ್ಬರಿದ್ದಾರೆ, ಪ್ರಭು ಈಗ ಅವರನ್ನು ಮುಟ್ಟುತ್ತಿದ್ದಾರೆ" ಎನ್ನುತ್ತಾರೆ. ಐನೂರು ಜನರ ಸಭೆಯಲ್ಲಿ ಮಂಡಿನೋವಿಲ್ಲದ ತಾಯಂದಿರನ್ನು ಹುಡುಕುವುದೇ ಕಷ್ಟ! ಅಂಥ ಮಾತು ಸುಳ್ಳೆಂದು ತೀರ್ಮಾನಿಸಬೇಕಾಗಿಲ್ಲ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. "ನಂಬಿದವರು ಮಾತ್ರೆ ಬಿಡಿ" ಎಂಬ ಮಾತು ಬಂದರೆ ಮಾತ್ರ ವಿಚಾರಕ್ಕೆ ಸಮಯ ತೆಗೆದುಕೊಳ್ಳಬೇಡಿ: ಸಕ್ಕರೆ ಕಾಯಿಲೆಯವರನ್ನೂ ಮೂರ್ಛೆರೋಗದವರನ್ನೂ ಅಲ್ಲಿಂದ ಮನೆಗೆ ಕರೆತಂದು, ವೈದ್ಯರು ಹೇಳಿದ ಮಾತ್ರೆಯನ್ನು ತಪ್ಪಿಸದಿರುವಂತೆ ನೋಡಿಕೊಳ್ಳಿ.

ದೆವ್ವ ಬಿಡಿಸುವ ಪ್ರಾರ್ಥನೆಯಲ್ಲಿ ಗೆರೆ ಇನ್ನೂ ಬಿಗಿ. ಧರ್ಮಸಭೆಯ ಕಾನೂನು ಸಂಹಿತೆಯ 1172ನೆಯ ವಿಧಿಯ ಪ್ರಕಾರ ಇದಕ್ಕೆ ಧರ್ಮಾಧ್ಯಕ್ಷರ ವಿಶೇಷ ಅನುಮತಿ ಬೇಕು, ಅದೂ ಭಕ್ತಿ, ಜ್ಞಾನ, ವಿವೇಕ, ಶುದ್ಧ ಜೀವನ ಉಳ್ಳ ಗುರುವಿಗೆ ಮಾತ್ರ. ಅನುಮತಿಯಿಲ್ಲದವರು ದುರಾತ್ಮಗಳನ್ನು ನೇರವಾಗಿ ಸಂಬೋಧಿಸಿ ಅವುಗಳ ಹೆಸರು ಕೇಳುವ ಕೂಟಗಳನ್ನು ನಡೆಸಬಾರದೆಂದು 1985ರ ವ್ಯಾಟಿಕನ್ ಪತ್ರವೊಂದು ಎಚ್ಚರಿಸಿದೆ. "ಕೇಡಿನಿಂದ ನಮ್ಮನ್ನು ರಕ್ಷಿಸಿ" ಎಂದು ತಂದೆಯನ್ನು ಬೇಡಲು ಯಾರ ಅಪ್ಪಣೆಯೂ ಬೇಡ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ವಂಶವೃಕ್ಷದ ಶುದ್ಧೀಕರಣ ಎಂಬ ಆಚರಣೆ. ಪೂರ್ವಜರ ಪಾಪ ಅಥವಾ ಶಾಪದಿಂದಲೇ ಇಂದಿನ ಕಾಯಿಲೆ, ಮದುವೆ ಮುರಿತ, ಸಾಲ ಬಂದಿದೆ ಎಂದು ಹೇಳಿ, ಅಜ್ಜ ಮುತ್ತಜ್ಜರ ಪಟ್ಟಿ ಬರೆಸಿಕೊಂಡು ಬಂಧನ ಬಿಡಿಸುವ ಪ್ರಾರ್ಥನೆ ಮಾಡುತ್ತಾರೆ. ಮಗನು ತಂದೆಯ ಅಪರಾಧ ಹೊರಬೇಕಿಲ್ಲವೆಂದು ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯ ನೇರವಾಗಿ ಹೇಳುತ್ತದೆ. ಪೀಳಿಗೆಗೆ ಹರಿದುಬರುವುದು ಆದಿಪಾಪವೊಂದೇ, ಅದನ್ನು ಜ್ಞಾನಸ್ನಾನ ತೊಳೆಯುತ್ತದೆ. ಫ್ರಾನ್ಸಿನ ಧರ್ಮಾಧ್ಯಕ್ಷರು 2007ರಲ್ಲಿ, ಪೋಲೆಂಡಿನವರು 2015ರಲ್ಲಿ, ಸ್ಪೇನಿನವರು 2024ರಲ್ಲಿ ಇದರ ವಿರುದ್ಧ ಮಾತಾಡಿದ್ದಾರೆ. ಶಾಪ, ದೋಷ, ಮಾಟಗಳ ಭಯ ಮೊದಲೇ ಮನೆಮಾಡಿರುವ ನಮ್ಮೂರುಗಳಲ್ಲಿ ಈ ಬೋಧನೆ ಬಲುಬೇಗ ಬೇರುಬಿಡುತ್ತದೆ. ಸತ್ತವರಿಗಾಗಿ ಬಲಿಪೂಜೆ ಒಪ್ಪಿಸುವುದು ಹಳೆಯ, ಸರಿಯಾದ ದಾರಿ. ಅದರಲ್ಲಿ ಹಿರಿಯರ ಮೇಲೆ ಯಾರೂ ಆರೋಪ ಹೊರಿಸುವುದಿಲ್ಲ.

ಇಷ್ಟಾದ ಮೇಲೂ ಸಂಶಯ ಉಳಿದರೆ ತಿಂಗಳುಗಟ್ಟಲೆ ಕಾದು ಫಲ ನೋಡಿ. ಕೂಟಕ್ಕೆ ಹೋಗುವವರು ಭಾನುವಾರದ ಪೂಜೆಗೂ ಪಾಪನಿವೇದನೆಗೂ ಹತ್ತಿರವಾಗಿದ್ದಾರೆಯೇ, ಜಪಸರವನ್ನು ಹಗುರವಾಗಿ ಕಾಣತೊಡಗಿದ್ದಾರೆಯೇ, ಮನೆಯಲ್ಲಿ ಅತ್ತೆ ಸೊಸೆಯರ ಮಾತು ಮೃದುವಾಗಿದೆಯೇ, ಮುಂದಾಳಿನ ಮಾತು ಗುರುಗಳ ಮಾತಿಗಿಂತ ದೊಡ್ಡದಾಗಿದೆಯೇ ಎಂಬುದನ್ನು ಗಮನಿಸಿ. ಆಕ್ಷೇಪಾರ್ಹವಾದದ್ದನ್ನು ಕಂಡರೆ ಅಲ್ಲೇ ಜಗಳಕ್ಕೆ ನಿಲ್ಲದೆ, ದಿನಾಂಕ, ಸ್ಥಳ, ಕೇಳಿದ ಮಾತು, ಕಂಡ ಕ್ರಿಯೆ ಇಷ್ಟನ್ನು ಮಾತ್ರ ಬರೆದು ಮೊದಲು ಧರ್ಮಕೇಂದ್ರದ ಗುರುಗಳಿಗೆ ಕೊಡಿ. ಅಲ್ಲಿಂದ ಉತ್ತರ ಬಾರದಿದ್ದರೆ ಅದೇ ಪತ್ರದ ಪ್ರತಿಯನ್ನು ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಿ. ನಿಮ್ಮ ಊಹೆಯನ್ನೂ ಮುಂದಾಳಿನ ಉದ್ದೇಶದ ಬಗೆಗಿನ ತೀರ್ಪನ್ನೂ ಅದರಲ್ಲಿ ಸೇರಿಸಬೇಡಿ.