ದಿನಕ್ಕೊಂದು ಕಾಯಿ ಒಡೆಯುವ ಮನೆಯಲ್ಲಿ ಕೊಲೆಸ್ಟ್ರಾಲ್

ಒಟ್ಟು ಕೊಲೆಸ್ಟ್ರಾಲ್ 226, ಅದರಲ್ಲಿ ‘ಕೆಟ್ಟದ್ದು’ ಎನ್ನುವ ಎಲ್‌ಡಿಎಲ್ 147, ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್ 41, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 190. ಐವತ್ತರ ಹೊಸ್ತಿಲಲ್ಲಿ ನನ್ನ ಕೈಗೆ ಬಂದ ರಕ್ತಪರೀಕ್ಷೆಯ ವರದಿ ಇದು. ಒಟ್ಟು ಕೊಲೆಸ್ಟ್ರಾಲ್ 200ರಿಂದ 239ರೊಳಗೆ, ಎಲ್‌ಡಿಎಲ್ 130ರಿಂದ 159ರೊಳಗೆ ಇದ್ದರೆ ಗಡಿಯಲ್ಲಿದೆ ಎಂದು ಲೆಕ್ಕ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಎಲ್‌ಡಿಎಲ್ ಏರುವುದು ಸಾಮಾನ್ಯ. ಥೈರಾಯ್ಡ್ ಕುಂದಿದರೂ ಏರುತ್ತದೆ. ಹಾಗಾಗಿ ವೈದ್ಯರು ಮೊದಲು ಆ ಪರೀಕ್ಷೆ ಮಾಡಿಸಿದರು. ಅದರಲ್ಲಿ ತೊಂದರೆಯಿರಲಿಲ್ಲ. ನನಗೆ ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ, ತವರಿನಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರೂ ಇಲ್ಲ. "ಮೂರು ತಿಂಗಳು ಊಟ ಬದಲಿಸಿ ನೋಡಿ, ಆಮೇಲೆ ಮಾತ್ರೆಯ ವಿಚಾರ" ಎಂದರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮನೆತನದಲ್ಲಿ ಹೃದಯಾಘಾತ, ಇವುಗಳಲ್ಲಿ ಯಾವುದಾದರೂ ಇರುವವರು, ಎಲ್‌ಡಿಎಲ್ 190 ದಾಟಿದವರು, ನನ್ನ ಅಡುಗೆಮನೆಯ ಕಥೆ ಓದಿ ಮಾತ್ರೆ ಬಿಡಬಾರದು. ಅವರ ದಾರಿಯೇ ಬೇರೆ.

ನಮ್ಮದು ತಿಪಟೂರು. ಕೊಬ್ಬರಿ ಮಾರುಕಟ್ಟೆಯ ಊರು, ಮನೆಗೆ ಸ್ವಂತ ತೋಟ. ಕಾಯಿಯನ್ನು ದುಡ್ಡು ಕೊಟ್ಟು ತಂದವರಲ್ಲ, ಆದ್ದರಿಂದ ಎಣಿಸಿ ಬಳಸಿದವರೂ ಅಲ್ಲ. ಪರಿಚಯದವರೆಲ್ಲ "ಮೊಟ್ಟೆ ಬಿಡಿ, ಬೆಳ್ಳುಳ್ಳಿ ತಿನ್ನಿ, ನಿಂಬೆರಸ ಕುಡಿಯಿರಿ" ಎಂದು ಸಲಹೆ ಕೊಡುತ್ತಿದ್ದಾಗ ನಾನು ಅಡುಗೆಮನೆಯ ತಕ್ಕಡಿ ತೆಗೆದೆ. ಒಂದು ಹದವಾದ ಕಾಯಿಯ ತುರಿ 280 ಗ್ರಾಂ ತೂಗಿತು. ಹಸಿ ಕಾಯಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕೊಬ್ಬು, ಅಂದರೆ 90 ಗ್ರಾಂಗೂ ಮಿಗಿಲು. ಅದರಲ್ಲಿ ಶೇಕಡ 80ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಎಲ್‌ಡಿಎಲ್ ಏರಿಸುವ ಬಗೆಯದು. ನಾಲ್ಕು ಜನರಿಗೆ ಹಂಚಿದರೆ ತಲೆಗೆ ಸುಮಾರು 20 ಗ್ರಾಂ. ನನ್ನಂಥವರಿಗೆ ಈ ಬಗೆಯ ಕೊಬ್ಬು ದಿನಕ್ಕೆ 15 ಗ್ರಾಂ ಆಸುಪಾಸಿನಲ್ಲಿರಬೇಕು ಎಂದಿದ್ದರು ವೈದ್ಯರು. ಹಾಲು, ತುಪ್ಪ, ಬೇಕರಿ ತಿಂಡಿ ಲೆಕ್ಕಕ್ಕೆ ಬರುವ ಮೊದಲೇ ಕಾಯಿಯೊಂದೇ ಮಿತಿ ದಾಟಿಸಿತ್ತು! ಪಾಪ, ಮೊಟ್ಟೆಯನ್ನು ಸುಮ್ಮನೆ ಬೈಯುತ್ತಿದ್ದರು. ವಾರಕ್ಕೆ ಮೂರ್ನಾಲ್ಕು ಮೊಟ್ಟೆ ಈಗಲೂ ತಿನ್ನುತ್ತೇನೆ.

ಕಾಯಿಯನ್ನು ಪೂರ್ತಿ ಬಿಡುವುದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ, ಬಿಡಬೇಕಾಗಿಯೂ ಇಲ್ಲ. ಎರಡು ದಿನಕ್ಕೆ ಅರ್ಧ ಹೋಳು ಎಂದು ಗೊತ್ತುಮಾಡಿದೆ. ಕಷ್ಟ ಇದ್ದದ್ದು ರುಚಿಯಲ್ಲಲ್ಲ, ಸಾರಿನ ಗಟ್ಟಿತನದಲ್ಲಿ. ಕಾಯಿ ಕಡಿಮೆಯಾದರೆ ಸಾರು ನೀರಾಗಿ ಮುದ್ದೆಯಿಂದ ಜಾರುತ್ತದೆ. ಹುರುಳಿಕಾಳಿನ ಸಾರಿಗೆ ಈಗ ಹೀಗೆ ಮಾಡುತ್ತೇನೆ: ಬೆಂದ ಕಾಳಿನಲ್ಲೇ ಒಂದು ಸೌಟು ತೆಗೆದು, ಕೆಂಡದ ಮೇಲೋ ಬಾಣಲೆಯಲ್ಲೋ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಸಾರಿನ ಪುಡಿ, ಎರಡು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬುತ್ತೇನೆ. ಕಟ್ಟು ಸೇರಿಸಿ ಕುದಿಸಿದರೆ ಮೊದಲಿಗಿಂತ ಮಂದವಾಗಿಯೇ ಬರುತ್ತದೆ. ಬಸ್ಸಾರಿಗೂ ಅದೇ ಉಪಾಯ. ಚಟ್ನಿಗೆ ಹುರಿಗಡಲೆ, ಕೊತ್ತಂಬರಿ ಸೊಪ್ಪು, ಇಲ್ಲವೇ ಹುಚ್ಚೆಳ್ಳು. ಹುಚ್ಚೆಳ್ಳಿನ ಚಟ್ನಿ ಮಾಡಿದ ದಿನ ನಮ್ಮತ್ತೆ ಕಾಯಿಯ ಸುದ್ದಿ ಎತ್ತುವುದಿಲ್ಲ. ಬೇರೆ ದಿನ "ನಾನು ಎಂಬತ್ತು ವರ್ಷ ಕಾಯಿ ತಿಂದೇ ಬದುಕಿದ್ದೇನಮ್ಮಾ" ಎನ್ನುತ್ತಾರೆ. ಅವರು ಅರವತ್ತರವರೆಗೆ ತೋಟದಲ್ಲಿ ಗುದ್ದಲಿ ಹಿಡಿದಿದ್ದರು, ನಾನು ಶಾಲೆಯ ಕುರ್ಚಿಯಲ್ಲಿ ಕೂರುವವಳು. ವಾದಕ್ಕಿಳಿಯುವುದಿಲ್ಲ, ಅವರ ತಟ್ಟೆಗೆ ಬೇರೆಯಾಗಿ ಒಂದು ಹಿಡಿ ತುರಿ ಹಾಕಿಕೊಡುತ್ತೇನೆ.

ಕಳೆಯುವುದು ಅರ್ಧ ಕೆಲಸ, ಸೇರಿಸುವುದು ಇನ್ನರ್ಧ. ನೀರಿನಲ್ಲಿ ಕರಗುವ ನಾರು ಹೊಟ್ಟೆಯಲ್ಲಿ ಲೋಳೆಯಾಗಿ ಪಿತ್ತರಸವನ್ನು ಹಿಡಿದುಕೊಂಡು ಹೊರಹೋಗುತ್ತದೆ. ಹೊಸ ಪಿತ್ತರಸ ತಯಾರಿಸಲು ಯಕೃತ್ತಿಗೆ ಕೊಲೆಸ್ಟ್ರಾಲ್ ಬೇಕು, ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಈ ಕೆಲಸಕ್ಕೆ ರಾಗಿಯೊಂದನ್ನೇ ನಂಬಿದರೆ ಸಾಲದು. ರಾಗಿಯಲ್ಲಿ ನಾರು 100 ಗ್ರಾಮಿಗೆ 11 ಗ್ರಾಂನಷ್ಟಿದ್ದರೂ ಬಹುಪಾಲು ಕರಗದ ಬಗೆಯದು. ಕಾಳು, ಓಟ್ಸ್, ಜವೆಗೋಧಿ, ಮೆಂತ್ಯ, ಬೆಂಡೆಕಾಯಿ, ಸೀಬೆ ಇವು ಕರಗುವ ನಾರಿಗೆ. ನಾನು ದಿನಕ್ಕೆ ಎರಡು ಹೊತ್ತು ಯಾವುದಾದರೂ ಕಾಳು ಇರುವಂತೆ ನೋಡಿಕೊಂಡೆ. ಬೆಳಿಗ್ಗೆ ವಾರಕ್ಕೆ ಎರಡು ಸಲ ಓಟ್ಸ್ ಉಪ್ಪಿಟ್ಟು. ಅದು ರವೆ ಉಪ್ಪಿಟ್ಟಿನ ಹತ್ತಿರಕ್ಕೂ ಬರುವುದಿಲ್ಲ, ಸುಳ್ಳು ಹೇಳಲಾರೆ. ಕ್ಯಾರೆಟ್, ಹುರುಳಿಕಾಯಿ ಧಾರಾಳವಾಗಿ ಹಾಕಿದರೆ ತಿನ್ನಬಹುದು. ಕಾಳು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ನೆನೆಸಿದ ನೀರು ಚೆಲ್ಲಿ, ಇಂಗು ಹಾಕಿ, ನಿಧಾನವಾಗಿ ಏರಿಸಬೇಕು.

ಟ್ರೈಗ್ಲಿಸರೈಡಿನದು ಬೇರೆ ಕಥೆ. ಅದನ್ನು ಏರಿಸುವುದರಲ್ಲಿ ಎಣ್ಣೆಗಿಂತ ಅನ್ನ, ಮೈದಾ, ಸಕ್ಕರೆಯ ಕೈ ದೊಡ್ಡದು. ರಾತ್ರಿಯ ಅನ್ನ ಅರ್ಧಕ್ಕಿಳಿಸಿ ಪಲ್ಯ ಹೆಚ್ಚಿಸಿದೆ, ಕಾಫಿಗೆ ಸಕ್ಕರೆ ಬಿಟ್ಟೆ. ಶಾಲೆಯ ಸಿಬ್ಬಂದಿ ಕೊಠಡಿಗೆ ಸಂಜೆ ಬರುವ ಪಫ್ಸ್, ಬೆಣ್ಣೆ ಬಿಸ್ಕತ್ತು ನಿಲ್ಲಿಸಿದ್ದೇ ಕಡುಕಷ್ಟವಾದದ್ದು. 2022ರ ಜನವರಿಯಿಂದ ಎಣ್ಣೆ ಮತ್ತು ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟ ಕೊಬ್ಬು) ಶೇಕಡ 2 ಮೀರಬಾರದೆಂಬ ನಿಯಮವಿದೆ, ಒಳ್ಳೆಯದೇ. ಆದರೆ ಪಫ್ಸಿನ ಪದರ ಗರಿಗರಿಯಾಗಲು ಗಟ್ಟಿ ಕೊಬ್ಬು ಬೇಕೇ ಬೇಕು, ಮತ್ತೆ ಅದು ಸ್ಯಾಚುರೇಟೆಡ್ ಲೆಕ್ಕಕ್ಕೇ ಸೇರುತ್ತದೆ. ಡಬ್ಬಿಯಲ್ಲಿ ಹುರಿದ ಕಡಲೆಕಾಯಿ ಬೀಜ ಒಯ್ಯತೊಡಗಿದೆ, ಒಂದೇ ಹಿಡಿ. ಹಾಲು ಶೇಕಡ 6 ಕೊಬ್ಬಿನದರಿಂದ ಶೇಕಡ 3ರ ಟೋನ್ಡ್ ಹಾಲಿಗೆ ಬಂತು. ಅಡುಗೆಗೆ ಕಡಲೆಕಾಯಿ ಎಣ್ಣೆಯೇ, ಆದರೆ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಂದು ಅಳೆದು ಬೇರೆ ಡಬ್ಬಿಗೆ ಸುರಿದಿಡುತ್ತೇನೆ. ಬಜ್ಜಿ ಕರಿದ ತಿಂಗಳು ಒಗ್ಗರಣೆಗೆ ಕೈ ಬಿಗಿಹಿಡಿಯಬೇಕಾಗುತ್ತದೆ, ಅಷ್ಟೇ.

ಮೂರು ತಿಂಗಳ ನಂತರ ಅದೇ ಪ್ರಯೋಗಾಲಯದಲ್ಲಿ, ರಾತ್ರಿಯಿಡೀ ಉಪವಾಸವಿದ್ದು ಪರೀಕ್ಷೆ ಮಾಡಿಸಿದೆ. ಒಟ್ಟು 195, ಎಲ್‌ಡಿಎಲ್ 124, ಟ್ರೈಗ್ಲಿಸರೈಡ್ 140. ತೂಕವೂ ಮೂರು ಕಿಲೋ ಇಳಿದಿತ್ತು, ಟ್ರೈಗ್ಲಿಸರೈಡ್ ಇಳಿದದ್ದರಲ್ಲಿ ಅದರ ಪಾಲೂ ಇದೆ. ವೈದ್ಯರು ಮಾತ್ರೆ ಬರೆಯಲಿಲ್ಲ, ಆರು ತಿಂಗಳಿಗೆ ಮತ್ತೆ ಬರಲು ಹೇಳಿದರು. ಎಚ್‌ಡಿಎಲ್ ಮಾತ್ರ 43ಕ್ಕೆ ನಿಂತಿದೆ. ಹೆಂಗಸರಿಗೆ ಅದು 50ರ ಮೇಲಿರಬೇಕು, ಊಟದಿಂದ ಹೆಚ್ಚು ಜಗ್ಗುವುದಿಲ್ಲವಂತೆ. ಹಾಗಾಗಿ ಸಂಜೆ ಮುಕ್ಕಾಲು ಗಂಟೆ ತೋಟದ ದಾರಿಯಲ್ಲಿ ಬಿರುಸಾಗಿ ನಡೆಯಲು ಶುರು ಮಾಡಿದ್ದೇನೆ. ಮಳೆ ಬಂದ ದಿನ ಅದೂ ಇಲ್ಲ.