ಬೆಣೆ ಒತ್ತಿ ನೋಡಿ, ಕ್ಯೂನಿಫಾರ್ಮ್ ಪದ ತಾನಾಗಿ ತಿಳಿಯುತ್ತದೆ

ಸೌದೆ ಸೀಳುವಾಗ ಬಿರುಕಿಗೆ ಇಟ್ಟು ಹೊಡೆಯುವ ಬೆಣೆಗೆ ಒಂದು ತುದಿ ದಪ್ಪ, ಇನ್ನೊಂದು ಚೂಪು. ಲ್ಯಾಟಿನ್‌ನಲ್ಲಿ ಅದು ‘ಕುನೆಯುಸ್’. ‘ಫಾರ್ಮಾ’ ಎಂದರೆ ಆಕಾರ. ಎರಡೂ ಸೇರಿ ಕ್ಯೂನಿಫಾರ್ಮ್, ಅಂದರೆ ಬೆಣೆಲಿಪಿ: ಪ್ರಾಚೀನ ಇರಾಕಿನಲ್ಲಿ ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಒತ್ತಿ ಬರೆಯುತ್ತಿದ್ದ ಲಿಪಿ. ನಮ್ಮ ಪಾದದ ನಡುವೆ ಇರುವ ಮೂರು ಪುಟ್ಟ ಮೂಳೆಗಳಿಗೂ ವೈದ್ಯಶಾಸ್ತ್ರದಲ್ಲಿ ಇದೇ ಹೆಸರು, ಕಾರಣವೂ ಇದೇ.

ಇರಾನಿನ ಪ್ರಾಚೀನ ನಗರ ಪರ್ಸೆಪೊಲಿಸ್‌ನ ಕಲ್ಲಿನ ಮೇಲಿದ್ದ ಗುರುತುಗಳಿಗೆ 1700ರಲ್ಲಿ ಈ ಪದ ಬಳಸಿದವರು ಆಕ್ಸ್‌ಫರ್ಡ್‌ನ ವಿದ್ವಾಂಸ ಥಾಮಸ್ ಹೈಡ್. ಆದರೆ ಅದು ಬರಹವೆಂದು ಅವರು ಒಪ್ಪಲಿಲ್ಲ, ಬರೀ ಅಲಂಕಾರ ಎಂದುಕೊಂಡರು! ಲಿಪಿಯನ್ನೇ ನಂಬದವರು ಕೊಟ್ಟ ಹೆಸರು ಇಂದಿಗೂ ಉಳಿದಿದೆ. ಜರ್ಮನ್ನರ ‘ಕೈಲ್‌ಶ್ರಿಫ್ಟ್’ ಎಂದರೂ ಬೆಣೆಬರಹವೇ. ಅರಬ್ಬಿಯ ‘ಮಿಸ್ಮಾರಿ’, ಪರ್ಷಿಯನ್ನಿನ ‘ಮೀಖಿ’ ಮಾತ್ರ ಇದನ್ನು ಮೊಳೆಗೆ ಹೋಲಿಸುತ್ತವೆ. ಇವೆಲ್ಲ ಆಕಾರದ ಹೆಸರುಗಳು, ಭಾಷೆಯ ಹೆಸರುಗಳಲ್ಲ. ಸುಮೇರಿಯನ್, ಅಕ್ಕಾಡಿಯನ್, ಹಿಟ್ಟೈಟ್ ಎಂಬ ಒಂದಕ್ಕೊಂದು ನಂಟಿಲ್ಲದ ಪ್ರಾಚೀನ ಭಾಷೆಗಳನ್ನು ಇದೇ ಲಿಪಿಯಲ್ಲಿ ಬರೆದರು. ಹಾಗಾಗಿ ‘ಕ್ಯೂನಿಫಾರ್ಮ್ ಭಾಷೆ’ ಎನ್ನುವುದು ತಪ್ಪು.

ಈ ಆಕಾರ ಬಂದದ್ದು ಹೇಗೆಂದು ತಿಳಿಯಲು ಮಣ್ಣು ಮುಟ್ಟಲೇಬೇಕು.

ಕುಂಬಾರರ ಜೇಡಿಮಣ್ಣು ಸುಮಾರು 200 ಗ್ರಾಂ ತೆಗೆದುಕೊಳ್ಳಿ. ಕಲ್ಲು, ನಾರು ಆರಿಸಿ, ಚಪಾತಿ ಹಿಟ್ಟಿನ ಹದಕ್ಕೆ ಹತ್ತು ನಿಮಿಷ ನಾದಿ. ಬೆರಳಿಗೆ ಅಂಟಿದರೆ ನೀರು ಹೆಚ್ಚಾಗಿದೆ. ಗುಂಡಗೆ ಉಂಡೆ ಮಾಡಿ ಒತ್ತಿದಾಗ ಅಂಚು ಸೀಳಿದರೆ ಕಡಿಮೆಯಾಗಿದೆ. ಅಂಗೈಯಲ್ಲಿ ಹಿಡಿಸುವಂತೆ 8 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ಹಲಗೆ ತಟ್ಟಿ.

ಮೊದಲು ಒಂದು ಮೊಳೆಯಿಂದ ಹಲಗೆಯ ಮೇಲೆ ವೃತ್ತ ಗೀಚಿ. ಮಣ್ಣು ಎರಡೂ ಬದಿಗೆ ಏರು ಕಟ್ಟುತ್ತದೆ, ಗೆರೆ ಸೊಟ್ಟಗಾಗುತ್ತದೆ. ಕ್ರಿ.ಪೂ. 3300ರ ಸುಮಾರಿಗೆ ಇರಾಕಿನ ಉರುಕ್ ನಗರದ ಲಿಪಿಕಾರರು ಚಿತ್ರಗಳನ್ನು ಹೀಗೆಯೇ ಗೀಚುತ್ತಿದ್ದರು. ಮುಂದಿನ ಶತಮಾನಗಳಲ್ಲಿ ಗೀಚುವುದು ಹೋಗಿ ಒತ್ತುವುದು ಬಂತು. ಬೆಣೆ ಹುಟ್ಟಿದ್ದು ಅಲ್ಲಿ.

ಅವರ ಲೇಖನಿ ಜೌಗಿನಲ್ಲಿ ಬೆಳೆಯುವ ಜೊಂಡು. ನಿಮಗೆ ಚೌಕ ತುದಿಯ ಬಿದಿರುಕಡ್ಡಿ ಸಾಕು, ಆದರೆ ಮೂಲೆ ಹರಿತವಾಗಿರಬೇಕು. ಮೂಲೆ ಸವೆದಿದ್ದರೆ ಬೆಣೆಯ ತಲೆ ಬರೀ ಗುಳಿಯಾಗಿ ಕಾಣುತ್ತದೆ. ಕಡ್ಡಿಯನ್ನು ಓರೆಯಾಗಿ ಹಿಡಿದು, ಮೂಲೆ ಮೊದಲು ಇಳಿಯುವಂತೆ 2-3 ಮಿ.ಮೀ. ಒತ್ತಿ, ನೇರ ಮೇಲೆತ್ತಿ. ಎಳೆಯಬೇಡಿ. ಮೂಲೆ ಇಳಿದ ಕಡೆ ಮುಕ್ಕೋನದ ತಲೆ, ಅಂಚು ತಾಗಿದ ಕಡೆ ಸಣ್ಣಗಾಗುವ ಬಾಲ. ಬಾಲ ಬರುವುದು ನಿಮ್ಮ ಕೈ ಇರುವ ಕಡೆಗೆ. ಕೈ ಬಲಕ್ಕಿದ್ದರೆ ಅಡ್ಡ ಬೆಣೆ, ಕೆಳಗಿದ್ದರೆ ಉದ್ದ ಬೆಣೆ, ಅಂದರೆ ನೆಟ್ಟಗೆ ನಿಂತದ್ದು. ಕಡ್ಡಿಯನ್ನು ಹೆಚ್ಚು ನೆಟ್ಟಗೆ ಹಿಡಿದು ಮೂಲೆಯನ್ನಷ್ಟೇ ಊರಿದರೆ ಬಾಲವಿಲ್ಲದ ಕೊಕ್ಕೆ. ಮಣಿಕಟ್ಟು ತಿರುಚುವ ಬದಲು ಎಡಗೈಯಲ್ಲಿರುವ ಹಲಗೆಯನ್ನೇ ತಿರುಗಿಸಿದರೆ ಸಲೀಸು.

ಈಗ ನಿಮ್ಮ ವಯಸ್ಸು ಬರೆಯಿರಿ. ಉದ್ದ ಬೆಣೆ ಎಂದರೆ 1, ಕೊಕ್ಕೆ ಎಂದರೆ 10. 34ಕ್ಕೆ ಎಡದಿಂದ ಮೂರು ಕೊಕ್ಕೆ, ನಾಲ್ಕು ಬೆಣೆ. ಅವರ ಲೆಕ್ಕ ಅರವತ್ತರದ್ದು, ಆದ್ದರಿಂದ 60ಕ್ಕೆ ಮತ್ತೆ ಒಂದು ಉದ್ದ ಬೆಣೆಯೇ. 71 ಎಂದರೆ ಬೆಣೆ, ಕೊಕ್ಕೆ, ಬೆಣೆ. 61 ಬರೆಯುವಾಗ ಎಚ್ಚರ: ಎರಡು ಬೆಣೆಗಳ ನಡುವೆ ಜಾಗ ಬಿಡದಿದ್ದರೆ ಓದುವವರಿಗೆ ಅದು 2. ಒಂದು ಪದವೂ ಬರೆಯಬಹುದು. ಒಂದು ಉದ್ದ ಬೆಣೆ, ಅದರ ಬಲಕ್ಕೆ ಒಂದರ ಕೆಳಗೊಂದು ಎರಡು ಚಿಕ್ಕ ಉದ್ದ ಬೆಣೆ: ಇದು ‘ಅ’, ಸುಮೇರಿಯನ್‌ನಲ್ಲಿ ನೀರು.

ಓದಲು ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಹಲಗೆಯ ಎಡಬದಿಯಿಂದ ನೆಲಮಟ್ಟದಲ್ಲಿ ಬಿಡಿ. ಪ್ರತಿ ಗುಳಿಯಲ್ಲೂ ನೆರಳು ತುಂಬಿ ಬೆಣೆಗಳು ಎದ್ದು ಕಾಣುತ್ತವೆ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣದು.

ಹಲಗೆಯನ್ನು ನೆರಳಲ್ಲಿ ಮೂರು ನಾಲ್ಕು ದಿನ, ದಿನಕ್ಕೊಮ್ಮೆ ಮಗುಚಿ ಒಣಗಿಸಿ. ಬಿಸಿಲಿಗಿಟ್ಟರೆ ಮೇಲ್ಪದರ ಬೇಗ ಕುಗ್ಗಿ ಸೀಳುತ್ತದೆ. ಒಲೆಯಲ್ಲಿ ಸುಡಲು ಹೋಗಬೇಡಿ, ಒಳಗಿನ ತೇವ ಆವಿಯಾಗಿ ಸಿಡಿಯುತ್ತದೆ. ಮೆಸೊಪೊಟೇಮಿಯದ, ಅಂದರೆ ಪ್ರಾಚೀನ ಇರಾಕಿನ, ಹೆಚ್ಚಿನ ಹಲಗೆಗಳೂ ಸುಡದೆ ಒಣಗಿದವೇ. ಬರಹ ಕೆಟ್ಟಿದ್ದರೆ ಹಲಗೆಯನ್ನು ನೀರಿನ ಬಕೆಟ್ಟಿಗೆ ಹಾಕಿ, ಕರಗಿದ ಮೇಲೆ ಮತ್ತೆ ನಾದಿ. ಅಲ್ಲಿನ ನಿಪ್ಪೂರ್ ನಗರದ ಶಾಲೆಯಲ್ಲಿ ಮಕ್ಕಳ ಅಭ್ಯಾಸದ ಹಲಗೆಗಳನ್ನೂ ಹೀಗೆಯೇ ನೆನೆಹಾಕಿ, ಹೊಸ ಹಲಗೆ ತಟ್ಟುತ್ತಿದ್ದರು.