ವಿಸಿಟಿಂಗ್ ಕಾರ್ಡ್ ತೂರಿದ ಮೂಲೆ

ಮದ್ದೂರಿನ ಕಡೆ ಒಂದು ಮನೆಯ ದೇವರಕೋಣೆಗೆ ಬಾಗಿಲು ಕೂರಿಸಿ, ಸುತ್ತ ಮೂರಿಂಚಿನ ತೇಗದ ಪಟ್ಟಿ ಹೊಡೆದು, ಕೈ ಒರೆಸಿಕೊಳ್ತಾ ನಿಂತಿದ್ದೆ. ಮನೆ ಯಜಮಾನರು ಬಂದವರು ಮಾತಾಡಲಿಲ್ಲ. ಜೇಬಿನಿಂದ ನನ್ನದೇ ವಿಸಿಟಿಂಗ್ ಕಾರ್ಡ್ ತೆಗೆದು, ಎರಡು ಪಟ್ಟಿ ಸೇರುವ ಮೂಲೆಗೆ ತೂರಿಸಿದರು. ಅರ್ಧ ಕಾರ್ಡು ಒಳಗೆ ಹೋಯ್ತು. "ಏನ್ ಆಚಾರ್ರೇ ಇದು?" ಅಂದರು, ಅಷ್ಟೇ.

ಹೊಟ್ಟಿಗೆ ಫೆವಿಕಾಲ್ ಕಲಸಿ ಸಂದು ಮುಚ್ಚಿದೆ. ಪಾಲಿಶ್ ಬಿದ್ದ ಮೇಲೆ ಅಲ್ಲೇ ಕಪ್ಪಗೆ ಗೆರೆ ಎದ್ದು ಕಂಡಿತು. ಅವರು ದುಡ್ಡು ಹಿಡಿಯಲಿಲ್ಲ, ಆದರೆ ಅವರ ಕಡೆಯಿಂದ ಮತ್ತೆ ಕೆಲಸವೂ ಬರಲಿಲ್ಲ.

ತಪ್ಪು ಅರ್ಧ ನನ್ನದು, ಅರ್ಧ ಮಿಷನ್‌ನದು. ಮಂಡ್ಯದಲ್ಲಿ ನನ್ನದು ಸಣ್ಣ ಶೆಡ್ಡು. ಬಾಗಿಲು, ಕಿಟಕಿ, ವಾರ್ಡ್‌ರೋಬು, ಆಗೀಗ ಮೆಟ್ಟಿಲ ಹಲಗೆ. ಎರಡು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ಸ್ಲೈಡಿಂಗ್ ಮೈಟರ್ ಸಾ ತಂದಿದ್ದೆ, ಅಂದರೆ ಬೇಕಾದ ಕೋನಕ್ಕೆ ಮರ ಕೊಯ್ಯೋ, ಬ್ಲೇಡು–ಮೋಟರಿನ ತಲೆ ರಾಡಿನ ಮೇಲೆ ಹಿಂದೆ ಮುಂದೆ ಜಾರೋ ಮಿಷನ್ನು. ಕಂಪನಿ ಹೆಸರು ಬೇಡ. ರಾಡಿನ ಮೇಲೆ ತಲೆ ಮುಂದಕ್ಕೆ ಎಳೆದರೆ ಹಳೇ ಸೈಕಲ್ ಹ್ಯಾಂಡಲ್ ಥರ ಆಡುತ್ತಿತ್ತು. ಸ್ಲೈಡ್ ಲಾಕ್ ಮಾಡುವ ಸ್ಕ್ರೂ ಬಿಗಿ ಮಾಡಿದರೂ ನಿಲ್ಲುತ್ತಿರಲಿಲ್ಲ. ಕೊಯ್ತ ತಪ್ಪೋದು ಅರ್ಧ ಡಿಗ್ರಿ ತಾನೇ ಅಂತ ನಾನೂ ಬಿಟ್ಟಿದ್ದೆ. ಮೂರಿಂಚಿನ ಪಟ್ಟಿಯನ್ನು ಮೂಲೆಗೆ 45 ಡಿಗ್ರಿಗೆ ಕೊಯ್ದಾಗ ಅರ್ಧ ಡಿಗ್ರಿ ತಪ್ಪು ಅಂದರೆ ಸುಮಾರು 0.94 ಮಿ.ಮೀ. ಸೇರುವ ಪಟ್ಟಿ ಎರಡು, ಅಲ್ಲಿಗೆ 1.9 ಮಿ.ಮೀ. ಸಂದು. ಕಾರ್ಡ್ ಹೋಗದೆ ಇನ್ನೇನು? ಫೋಟೋ ಫ್ರೇಮು, ಕಿಟಕಿ ಪಟ್ಟಿ ಥರ ನಾಲ್ಕು ಮೂಲೆ ಇದ್ದರಂತೂ ಕೇಳೋದೇ ಬೇಡ. ಎಂಟು ಕೊಯ್ತ, ಎಂಟು ಅರ್ಧ, ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿ ಬಾಯಿ ಬಿಟ್ಟಿರುತ್ತೆ.

ಹೊಸದು ತರಬೇಕು ಅಂತಾದಾಗ ಕಂಡವರನ್ನೆಲ್ಲ ಕೇಳಿದೆ. ಎಲ್ಲರದ್ದೂ ಒಂದೇ ಮಾತು: "12 ಇಂಚಿನ ಬ್ಲೇಡಿನದು ತಗೋ, ಒಂದೇ ಸಲ ಮುಗೀತದೆ." ಈ ಸಲ ಆತುರ ಬೀಳಲಿಲ್ಲ. ಒಂದು ತಿಂಗಳು, ಏನೇ ಕೊಯ್ದರೂ ಅದರ ಅಗಲ–ದಪ್ಪ ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋದೆ. ಹೆಂಡತಿ ನೋಡಿ "ಹಾಲಿನ ಲೆಕ್ಕವಾ?" ಅಂತ ನಕ್ಕಳು.

ತಿಂಗಳ ಕೊನೆಗೆ ಗೋಡೆ ಹೇಳಿದ್ದು ಇಷ್ಟು. ಹೆಚ್ಚಿನದು ಬೀಡಿಂಗು, ಅಂದರೆ ಅಂಚಿಗೆ ಹೊಡೆಯೋ ಸಣ್ಣ ಪಟ್ಟಿ, ಮತ್ತು ಮೂರಿಂಚಿನೊಳಗಿನ ಪಟ್ಟಿ. ಆಮೇಲೆ 5×3ರ ಬಾಗಿಲ ಚೌಕಟ್ಟು. ಆಮೇಲೆ ಹತ್ತು–ಹನ್ನೆರಡು ಇಂಚಿನ ಶೆಲ್ಫು, ಮೆಟ್ಟಿಲ ಹಲಗೆ. ಹೆಬ್ಬಾಗಿಲಿನ 6×4 ಇಡೀ ತಿಂಗಳಿಗೆ ಒಂದೇ.

ಈಗ ಅಳತೆ ಹೊಂದಿಸಿ ನೋಡೋಣ. ಸ್ಲೈಡ್ ಇಲ್ಲದ 10 ಇಂಚಿನ ಮಿಷನ್ನು ಐದೂವರೆ, ಆರಿಂಚು ಅಗಲದ ಹಲಗೆಗೇ ಸುಸ್ತು. ಶೆಲ್ಫಿಗೆ ಹಲಗೆ ತಿರುಗಿಸಿ ಇನ್ನೊಂದು ಸಲ ಕೊಯ್ಯಬೇಕು, ನಡುವೆ ಮೆಟ್ಟಿಲು ಬೀಳುತ್ತೆ. ಹಾಗಾಗಿ ಸ್ಲೈಡ್ ಬೇಕೇ ಬೇಕು. ಎಂಟೂವರೆ ಇಂಚಿನ ಸ್ಲೈಡಿಂಗ್ ಮಿಷನ್ನು, ಅಂದರೆ 216 ಮಿ.ಮೀ. ಬ್ಲೇಡಿನದು, ಹಗುರ, ಸೈಟಿಗೆ ಹೊತ್ತುಕೊಂಡು ಹೋಗೋಕೆ ಬಲು ಚೆನ್ನ. ಅಗಲ 312 ಮಿ.ಮೀ. ತನಕ ಕೊಯ್ಯೋ ಮಾದರಿ ಇದೆ. ಆದರೆ ಅದರ ಆಳ 70 ಮಿ.ಮೀ. ನನ್ನ 5×3ರ ಮೂರಿಂಚು ಅಂದರೆ 76. ಆರು ಮಿಲ್ಲಿಮೀಟರಿಗೆ ಕೈ ಕೊಡುತ್ತೆ! ಅಪಾರ್ಟ್‌ಮೆಂಟ್ ಇಂಟೀರಿಯರ್, ಪ್ಲೈವುಡ್ಡು ಮಾಡೋರಿಗೆ ಅದೇ ಸರಿ, ಕಣ್ಣುಮುಚ್ಚಿ ತಗೊಳ್ಳಿ. ಚೌಕಟ್ಟು ಮಾಡೋನಿಗೆ ಆಗಲ್ಲ. 10 ಇಂಚಿನದರಲ್ಲಿ ಆಳ 90ರ ಆಸುಪಾಸು, ಅಗಲ 305. ನನಗೆ ಅಲ್ಲೇ ತೀರ್ಮಾನವಾಯ್ತು. 12 ಇಂಚಿನದು 6×4ಕ್ಕೂ ಆಗುತ್ತೆ ನಿಜ. ಆದರೆ ತೂಕ 30 ಕೆ.ಜಿ. ಮುಟ್ಟುತ್ತೆ, ಬ್ಲೇಡು ದುಬಾರಿ, ಸಾಣೆ ಖರ್ಚೂ ಹೆಚ್ಚು. ಬ್ಲೇಡು ದೊಡ್ಡದಾದಷ್ಟೂ ಅಂಚು ನಡುಗೋದೂ ಜಾಸ್ತಿ. ತಿಂಗಳಿಗೊಂದು ಚೌಕಟ್ಟಿಗೋಸ್ಕರ ದಿನಾ ಅದನ್ನು ಸಾಕೋದು ಯಾಕೆ?

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ತಲೆ ಹಿಂದಕ್ಕೆ ತಳ್ಳಿದಾಗ ಕೆಲವು ಮಾದರಿಯಲ್ಲಿ ರಾಡು ಮಿಷನ್ನಿನ ಬೆನ್ನಿಂದ ಆಚೆ ಚಾಚುತ್ತೆ. ನನ್ನ ಬೆಂಚು ಗೋಡೆಗೆ ಅಂಟಿಕೊಂಡಿದೆ. ಶೆಡ್ಡಿನ ಅಗಲ ಹತ್ತಡಿ. ಹಿಂದೆ ಒಂದಡಿ ಬಿಟ್ಟರೆ ಮುಂದೆ ಓಡಾಡೋಕೆ ಜಾಗವಿಲ್ಲ. ರಾಡು ಒಂದೇ ಕಡೆ ನಿಂತು ತಲೆ ಮಾತ್ರ ಅದರ ಮೇಲೆ ಓಡೋ ಮಾದರಿಯೂ ಇದೆ, ಮೊಣಕೈ ಥರ ಮಡಚೋ ತೋಳಿನದೂ ಇದೆ. ಮಡಚೋ ತೋಳಿನದು ಬಲು ನಯ, ಆದರೆ ನನ್ನ ಜೇಬಿಗೆ ಹೊರೆ. ಮೊದಲನೆಯದೇ ಸಾಕು ಅಂದುಕೊಂಡೆ.

ಮೈಸೂರಿಗೆ ಬಸ್ಸಿನಲ್ಲಿ ಹೋಗುವಾಗ ಚೀಲದಲ್ಲಿ ಮೂಲೆಮಟ್ಟ, ಕಂಕುಳಲ್ಲಿ ಹನ್ನೊಂದಿಂಚು ಅಗಲದ, ಎರಡಡಿ ಉದ್ದದ ಸಿಲ್ವರ್ ಓಕ್ ಹಲಗೆ. "ಇದಕ್ಕೂ ಟಿಕೆಟ್ಟಾ ಸಾರ್?" ಅಂತ ಕಂಡಕ್ಟರು ಕಿಚಾಯಿಸಿದ. ಸಂತೇಪೇಟೆಯ ಅಂಗಡಿಯ ಹುಡುಗ ಮೊದಲು ತೋರಿಸಿದ್ದು ಲೇಸರ್ ಗೆರೆ. ಅಂಗಡಿಯ ಕತ್ತಲಲ್ಲಿ ಕೆಂಪಗೆ ಚೆನ್ನಾಗಿ ಕಾಣುತ್ತೆ, ನನ್ನ ಶೆಡ್ಡಿನ ಬಾಗಿಲು ತೆಗೆದ ಬೆಳಕಿಗೆ ಮಂಕು. ಅದಕ್ಕಿಂತ ಬ್ಲೇಡಿನ ಮೇಲಿಂದ ಲೈಟು ಬಿದ್ದು ಬ್ಲೇಡಿನ ನೆರಳೇ ಮರದ ಮೇಲೆ ಗೆರೆ ಎಳೆಯೋದು ವಾಸಿ. ಬ್ಲೇಡು ದಪ್ಪ ಬದಲಾದರೂ ನೆರಳು ಸುಳ್ಳು ಹೇಳಲ್ಲ.

ನಾನು ನೋಡಿದ್ದು ಬೇರೆ. ಪ್ಲಗ್ ತೆಗೆಸಿ, ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದು, ಹಿಡಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದೆ. ಬ್ಲೇಡಿನ ಒಂದು ಹಲ್ಲಿನ ಪಕ್ಕಕ್ಕೆ ವಿಸಿಟಿಂಗ್ ಕಾರ್ಡ್ ಹಿಡಿದು, ಹಲ್ಲು ಎಷ್ಟು ದೂರ ಸರಿಯುತ್ತೆ ಅಂತ ನೋಡಿದೆ (ಆ ಕಾರ್ಡಿನ ಮೇಲೆ ನನಗೀಗ ಗೌರವ). ಮೂರು ಮಿಷನ್ನಿನಲ್ಲಿ ಒಂದು ಅಲ್ಲೇ ಬಿದ್ದುಹೋಯಿತು. ಇನ್ನೊಂದರಲ್ಲಿ 45 ಡಿಗ್ರಿಯ ಕಚ್ಚಿನೊಳಗೆ ಬೋಲ್ಟು ಕೂತ ಮೇಲೂ ಕಟಕಟ ಆಡುತ್ತಿತ್ತು. ಉಳಿದದ್ದರಲ್ಲಿ ಹಲಗೆ ಕೊಯ್ಯಿಸಿ ಅಂದೆ. ಹುಡುಗನಿಗೆ ಇಷ್ಟವಿರಲಿಲ್ಲ, ಯಜಮಾನರು "ಕೊಯ್ಯಿ ಬುಡಪ್ಪ" ಅಂದರು.

ಇದೊಂದು ಪರೀಕ್ಷೆ ಗೊತ್ತಿದ್ದರೆ ಮೋಸ ಹೋಗಲ್ಲ. ಹಲಗೆಯನ್ನು ನೇರ 90ಕ್ಕೆ ಕೊಯ್ದು, ಎರಡು ತುಂಡಿನಲ್ಲಿ ಒಂದನ್ನು ಮಗುಚಿ, ಕೊಯ್ದ ಮುಖಗಳನ್ನು ಎದುರುಬದುರು ಕೂಡಿಸಿ, ಅಂಚನ್ನು ಒಂದು ನೇರ ಪಟ್ಟಿಗೆ ಒತ್ತಿ ಹಿಡಿಯಬೇಕು. ಮಿಷನ್ನು ಎಷ್ಟು ತಪ್ಪಿದೆಯೋ ಸಂದಿನಲ್ಲಿ ಅದರ ಎರಡರಷ್ಟು ಕಾಣುತ್ತೆ. ನನ್ನ ಹನ್ನೊಂದಿಂಚಿನಲ್ಲಿ ಬೆಳಕು ತೂರಲಿಲ್ಲ. ಬ್ಲೇಡಿನ ನಡುವಿನ ತೂತು ಎಷ್ಟು ಅಂತಲೂ ಕೇಳಿ. 25.4 ಇದೆ, 30 ಮಿ.ಮೀ. ಇದೆ. ನಿಮ್ಮ ಊರಲ್ಲಿ ಸಿಗದ ತೂತಿನದು ತಂದರೆ ಪ್ರತಿ ಬ್ಲೇಡಿಗೂ ಮೈಸೂರು ಯಾತ್ರೆ. ಮೋಟರಿನೊಳಗೆ ಸವೆಯೋ ಕಾರ್ಬನ್ ಬ್ರಷ್ಷು ಎಲ್ಲಿ ಸಿಗುತ್ತೆ ಅನ್ನೋದನ್ನೂ ಕೇಳಿಕೊಂಡೆ, ಒಂದು ಜೊತೆ ಆಗಲೇ ತಂದೆ.

ಮಿಷನ್ನಿನ ಜೊತೆ ಬಂದ ಬ್ಲೇಡು 40 ಹಲ್ಲಿನದು, ಚೌಕಟ್ಟಿಗೆ ಸಾಕು. ಬೀಡಿಂಗು, ಮೈಕಾ ಒತ್ತಿದ ಪ್ಲೈವುಡ್ಡಿಗೆ 80 ಹಲ್ಲಿನದು ಬೇರೆ ತಂದೆ. ಹಲ್ಲು ಹಿಂದಕ್ಕೆ ಬಾಗಿರೋದು, ಅಂದರೆ ನೆಗೆಟಿವ್ ಹುಕ್ಕಿನದು, ಕೇಳಿ ತಗೊಳ್ಳಿ. ಹಲ್ಲು ಮುಂದಕ್ಕೆ ಬಾಗಿದ್ದರೆ ಬ್ಲೇಡು ಮರವನ್ನು ಕಚ್ಚಿ ತಾನೇ ಮೇಲೆ ಹತ್ತೋಕೆ ನೋಡುತ್ತೆ.

ಮೊದಲ ದಿನ ನಾನೇ ಒಂದು ತಪ್ಪು ಮಾಡಿದೆ. ಕೈಗರಗಸದ ಅಭ್ಯಾಸ, ಬ್ಲೇಡು ತಿರುಗುತ್ತಿದ್ದಂತೆ ಮರಕ್ಕಿಳಿಸಿ ನನ್ನ ಕಡೆಗೆ ಎಳೆದೆ. ಇಡೀ ತಲೆ ನನ್ನ ಮೇಲೆ ಹಾರಿ ಬಂದಂಗಾಯ್ತು. ಹಲಗೆ ಜಿಗಿದು ಗೋಡೆಗೆ ಬಡಿದು ಕ್ಯಾಲೆಂಡರು ಕೆಳಗೆ ಬಿತ್ತು. ಬಾಗಿಲಲ್ಲಿ ಕೂತಿದ್ದ ಅಪ್ಪ ಬೀಡಿ ಆರಿಸಿ, "ಲೋ ಮಗ, ಅದು ತಿರುಗೋದು ಯಾವ ಕಡೆಗೆ ಅಂತ ನೋಡ್ದೇನ್ಲಾ?" ಅಂದರು. ಮೊದಲು ಖಾಲಿ ತಲೆಯನ್ನು ಮುಂದಕ್ಕೆ ಎಳೆದು, ಆಮೇಲೆ ಕೆಳಗಿಳಿಸಿ, ನಿಧಾನಕ್ಕೆ ಹಿಂದಕ್ಕೆ ತಳ್ಳಬೇಕು. ಕೊಯ್ದ ಮೇಲೆ ಬ್ಲೇಡು ನಿಲ್ಲೋ ತನಕ ತಲೆ ಎತ್ತಬಾರದು, ಎತ್ತಿದರೆ ಸಣ್ಣ ತುಂಡು ಗುಂಡಿನಂತೆ ಹಾರುತ್ತೆ. ಆರಿಂಚಿನೊಳಗೆ ಕೈ ಇಡಲ್ಲ, ಕ್ಲಾಂಪು ಇದೆಯಲ್ಲ. ಕಿರಿ ಪಟ್ಟಿಗೆ ಸ್ಲೈಡ್ ಲಾಕ್ ಮಾಡಿ, ಎಳೆಯದೆ ನೇರ ಇಳಿಸಿ ಕೊಯ್ಯುತ್ತೇನೆ. ಆಟ ಇದ್ದರೂ ಅಲ್ಲಿ ಅದು ಬರಲ್ಲ.

ಕರೆಂಟಿನ ಮಾತು. 1600 ವಾಟಿನ ಮಿಷನ್ನು 230 ವೋಲ್ಟಿಗೆ 7 ಆಂಪಿಯರ್ ಎಳೆಯುತ್ತೆ, ಶುರುವಾಗುವಾಗ ಅದಕ್ಕಿಂತ ಬಹಳ ಹೆಚ್ಚು. ಸೀರಿಯಲ್ ಬಲ್ಬಿನ ವೈರಲ್ಲಿ ಎಕ್ಸ್‌ಟೆನ್ಷನ್ ಮಾಡಿ ಮೋಟರು ಸುಟ್ಟುಕೊಂಡವರು ನಮ್ಮಲ್ಲೇ ಇದ್ದಾರೆ. ನಾನು 2.5 ಚದರ ಮಿ.ಮೀ. ವೈರು ಹಾಕಿಸಿದೆ. ಗದ್ದೆ ಪಂಪುಗಳು ಓಡೋ ಹೊತ್ತಲ್ಲಿ ವೋಲ್ಟೇಜ್ ಇಳಿದರೆ ದಪ್ಪ ಮರ ಮುಟ್ಟಲ್ಲ, ಬೀಡಿಂಗು ಕೊಯ್ಕೊಂಡು ಕೂತಿರ್ತೀನಿ. ಇನ್ನು ಧೂಳು: ಮಿಷನ್ನಿಗೆ ಕಟ್ಟಿದ ಚೀಲ ಅರ್ಧವೂ ಹಿಡಿಯಲ್ಲ. ಮರದ ಧೂಳು ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಬೀಟೆ ಕೊಯ್ದ ದಿನ ಮೈಯೆಲ್ಲ ಕೆರೆತ. ಎನ್95 ಮಾಸ್ಕ್ ಹಾಕದೆ ಸ್ವಿಚ್ ಒತ್ತಲ್ಲ, ನನ್ನ ಹುಡುಗರಿಗೂ ಬಿಡಲ್ಲ.

ಹೋದ ತಿಂಗಳು ಮತ್ತೆ ಒಂದು ಹೆಬ್ಬಾಗಿಲ ಚೌಕಟ್ಟು ಬಂತು, 6×4 ಹೊನ್ನೆ. ಮಿಷನ್ನು 90 ಮಿ.ಮೀ. ಇಳಿದು ನಿಂತಿತು, ತಳದಲ್ಲಿ ಅರ್ಧ ಇಂಚು ಉಳಿಯಿತು. ಅಪ್ಪ ಎದ್ದು ಬಂದು ತಮ್ಮ ಕೈಗರಗಸ ಆ ಕೊಯ್ದ ಸಂದಿನಲ್ಲೇ ಇಟ್ಟು ನಾಲ್ಕು ಎಳೆತಕ್ಕೆ ಮುಗಿಸಿದರು. ತುಂಡು ಕೆಳಗೆ ಬಿದ್ದ ಮೇಲೆ, ಉಳಿದ ಮೂರು ಕೊನೆಯನ್ನೂ ಬೆಂಚಿನ ಮೇಲೆ ಇಡು ಅಂತ ಕೈ ಸನ್ನೆ ಮಾಡಿದರು.